ಹಳೆಯ ಕಡತ: ಉಳಿಸುವುದೇ, ನಾಶ ಮಾಡುವುದೇ? ಚಾಮರಾಜನಗರ, ಗುಂಡ್ಲುಪೇಟೆಯ ಕಾಗದಗಳು ಕಲಿಸುವ ಪಾಠ

ಪ್ರತಿಯೊಂದು ತಾಲ್ಲೂಕು ಕಚೇರಿಯಲ್ಲೂ ಒಂದು ರೆಕಾರ್ಡ್ ರೂಮ್ ಇರುತ್ತದೆ. ಸರಕಾರಿ ಭಾಷೆಯಲ್ಲಿ ಅದು ಅಭಿಲೇಖಾಲಯ. ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳನ್ನು ಅಲ್ಲಿ ಕಪಾಟುಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ವರ್ಷ ವರ್ಷವೂ ಹೊಸ ಗಂಟುಗಳು ಬರುತ್ತವೆ, ಕೋಣೆ ಮಾತ್ರ ದೊಡ್ಡದಾಗುವುದಿಲ್ಲ. ಆದ್ದರಿಂದ ಒಂದಲ್ಲ ಒಂದು ದಿನ ಅಲ್ಲಿನ ನೌಕರರು ತೀರ್ಮಾನಿಸಲೇಬೇಕು: ಯಾವ ಗಂಟು ಉಳಿಯಬೇಕು, ಯಾವುದು ಹೋಗಬೇಕು?

ಇದು ಗುಮಾಸ್ತರ ಕೆಲಸ, ನಮಗೇನು ಸಂಬಂಧ ಎಂದು ಹಲವರಿಗೆ ಅನಿಸಬಹುದು. ಆದರೆ ನಮ್ಮ ಕರಾವಳಿಯಲ್ಲಿ ಭೂಸುಧಾರಣೆಯ ಕಾಲದಲ್ಲಿ ನಮೂನೆ 7 ತುಂಬಿಸಿ ಗೇಣಿಯ ಜಮೀನಿಗೆ ಅರ್ಜಿ ಹಾಕಿದ ಕುಟುಂಬಗಳಿಗೆ ಒಂದು ಗೇಣಿ ಚೀಟಿಯ ಬೆಲೆ ಏನೆಂದು ಗೊತ್ತಿದೆ. ಕಾಗದ ಇದ್ದವನಿಗೆ ಜಮೀನು ಉಳಿಯಿತು. ಕಾಗದ ಇಲ್ಲದವನು ಸಾಕ್ಷಿಗಳಿಗಾಗಿ ಅಲೆಯಬೇಕಾಯಿತು. ಅದೇ ಪ್ರಶ್ನೆ ರಾಜ್ಯದ ದಕ್ಷಿಣದ ತುದಿಯಲ್ಲಿರುವ ಚಾಮರಾಜನಗರ ಜಿಲ್ಲೆಯಲ್ಲಿ ಇನ್ನೂ ಜೀವಂತವಾಗಿದೆ. ಸರಕಾರಿ ದಾಖಲೆಗಳನ್ನು ಹೇಗೆ ವಿಂಗಡಿಸುತ್ತಾರೆ, ಎಲ್ಲಿ ತಪ್ಪುತ್ತದೆ, ಸಾಮಾನ್ಯ ಜನರು ಏನು ಮಾಡಬಹುದು ಎಂಬುದನ್ನು ಆ ಜಿಲ್ಲೆಯ ಉದಾಹರಣೆಗಳ ಮೂಲಕ ಇಲ್ಲಿ ತಿಳಿಯೋಣ.

ಕಡತ ಎಂಬ ಪದ

ನಾವು ಇಂದು ಫೈಲ್‌ಗೆ ಬಳಸುವ ‘ಕಡತ’ ಎಂಬ ಪದ ಹಳೆಯದು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಪುಸ್ತಕದಂತೆ ಮಾಡುತ್ತಿದ್ದರು. ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರು, ವ್ಯಾಪಾರಿಗಳು, ಮಠಗಳವರು ಲೆಕ್ಕ ಬರೆಯುತ್ತಿದ್ದುದು ಇದರಲ್ಲೇ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಅಂದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ಪ್ರಶ್ನೆ ಕಡತದಷ್ಟೇ ಹಳೆಯದು.

ಅಳಿಯಲೇಬಾರದ ವಿಷಯವನ್ನು ನಮ್ಮ ಹಿರಿಯರು ಕಲ್ಲಿನಲ್ಲೋ ತಾಮ್ರದಲ್ಲೋ ಬರೆಸಿದರು. ಭೂಮಿಯ ದಾನ, ಅದರ ನಾಲ್ಕು ಎಲ್ಲೆ, ಸಾಕ್ಷಿಗಳ ಹೆಸರು, ಕೊನೆಗೆ ದಾನವನ್ನು ಕೆಡಿಸಿದವರಿಗೆ ಶಾಪ, ಇವೆಲ್ಲ ಶಾಸನಗಳಲ್ಲಿ ಇರುತ್ತವೆ. ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ತಾಲ್ಲೂಕುಗಳ ಇಂಥ ಶಾಸನಗಳನ್ನು ಬಿ.ಎಲ್. ರೈಸ್ ಅವರು 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟದಲ್ಲಿ ಪ್ರಕಟಿಸಿದರು. ಗುಂಡ್ಲುಪೇಟೆಗೆ ಆಡಳಿತದ ಇತಿಹಾಸದಲ್ಲೂ ಒಂದು ಸ್ಥಾನವಿದೆ. 1673ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮೊದಲು ಈ ತಾಲ್ಲೂಕಿನ ಹಂಗಳದಲ್ಲಿದ್ದರು. ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಸರಕಾರದ ಕೆಲಸವನ್ನು 18 ಇಲಾಖೆಗಳಾಗಿ ಹಂಚಿದ ಅಠಾರಾ ಕಚೇರಿಯನ್ನು ಸ್ಥಾಪಿಸಿದವರೂ ಅವರೇ. ಇಲಾಖೆಗಳು ಬಂದ ಮೇಲೆ ಕಡತಗಳು ಬರುತ್ತವೆ, ಕಡತಗಳು ಬಂದ ಮೇಲೆ ಅವುಗಳನ್ನು ಇಡುವ ತೊಂದರೆಯೂ ಬರುತ್ತದೆ.

‘ಎ’ಯಿಂದ ‘ಇ’ವರೆಗೆ

ಕರ್ನಾಟಕದ ಕಚೇರಿಗಳಲ್ಲಿ ಕೆಲಸ ಮುಗಿದ ಕಡತಕ್ಕೆ ಒಂದು ವರ್ಗವನ್ನು ಕೊಡುತ್ತಾರೆ. ವರ್ಗಗಳು 5.

‘ಎ’ ವರ್ಗ: ಶಾಶ್ವತವಾಗಿ ಇಡಬೇಕಾದದ್ದು.
‘ಬಿ’ ವರ್ಗ: 30 ವರ್ಷ ಇಡಬೇಕಾದದ್ದು.
‘ಸಿ’ ವರ್ಗ: 10 ವರ್ಷ ಇಡಬೇಕಾದದ್ದು.
‘ಡಿ’ ವರ್ಗ: 5 ವರ್ಷ ಇಡಬೇಕಾದದ್ದು.
‘ಇ’ ವರ್ಗ: 1 ವರ್ಷ ಇಡಬೇಕಾದದ್ದು.

ವಿಷಯ ನಿರ್ವಾಹಕರು, ಅಂದರೆ ಆ ಕಡತವನ್ನು ನೋಡಿಕೊಳ್ಳುವ ಗುಮಾಸ್ತರು, ಕೆಲಸ ಮುಗಿದಾಗ ವರ್ಗವನ್ನು ಸೂಚಿಸುತ್ತಾರೆ. ಮೇಲಧಿಕಾರಿ ಒಪ್ಪಿಗೆ ಕೊಡುತ್ತಾರೆ. ಕಡತ ರೆಕಾರ್ಡ್ ರೂಮಿಗೆ ಹೋಗುತ್ತದೆ. ಅವಧಿ ಮುಗಿದ ಮೇಲೆ ನಾಶಪಡಿಸಬೇಕಾದ ಕಡತಗಳ ಪಟ್ಟಿ ತಯಾರಾಗುತ್ತದೆ, ಅಧಿಕಾರಿಯ ಸಹಿಯ ನಂತರ ಅವುಗಳನ್ನು ವಿಲೇವಾರಿ ಮಾಡುತ್ತಾರೆ.

ವ್ಯವಸ್ಥೆ ಸರಳವಾಗಿದೆ, ಒಳ್ಳೆಯದೂ ಆಗಿದೆ. ಪಂಚಾಯತಿಗೆ ಕಳುಹಿಸಿದ ಜ್ಞಾಪನ ಪತ್ರವನ್ನೂ ಗ್ರಾಮ ನಕ್ಷೆಯನ್ನೂ ಒಂದೇ ರೀತಿ ಕಾಪಾಡಬೇಕಾಗಿಲ್ಲ. ಕಷ್ಟ ಇರುವುದು ಬೇರೆ ಕಡೆ. ವರ್ಗವನ್ನು ಕೊಡುವವರು ಕಡತ ಮುಗಿದ ದಿನದಂದು ಕೊಡುತ್ತಾರೆ. ಈ ಕಾಗದ ಕಚೇರಿಗೆ ಇನ್ನೆಷ್ಟು ದಿನ ಬೇಕು ಎಂದು ಆ ದಿನ ಅವರು ಯೋಚಿಸುತ್ತಾರೆ. ಮುಂದೆ ಯಾರು ಇದನ್ನು ಕೇಳಿಕೊಂಡು ಬರಬಹುದು ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ದಾಖಲೆಗಳ ವಿಷಯದಲ್ಲಿ ಆಗುವ ದೊಡ್ಡ ನಷ್ಟಗಳಿಗೆಲ್ಲ ಮೂಲ ಈ ಎರಡು ಪ್ರಶ್ನೆಗಳ ನಡುವಿನ ಅಂತರ.

ಒಂದು ಜಿಲ್ಲೆ, ಮೂರು ಬಗೆಯ ದಾಖಲೆ

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟರು. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಇದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಜಿಲ್ಲೆ ಹೊಸದಾದರೂ ಅದರ ಕಾಗದಗಳು ಹಳೆಯವು, ಅವುಗಳ ಮೂಲಗಳೂ ಬೇರೆ ಬೇರೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಮೈಸೂರು ಸಂಸ್ಥಾನದ ನೇರ ಆಡಳಿತದಲ್ಲಿದ್ದವು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು, ಅಲ್ಲಿನ ಲೆಕ್ಕಪತ್ರಗಳು ಜಹಗೀರಿನ ಲೆಕ್ಕಪತ್ರಗಳು. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಅದೇ ಮದ್ರಾಸಿನಿಂದ ನಮ್ಮ ದಕ್ಷಿಣ ಕನ್ನಡವೂ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಆದ್ದರಿಂದ ಕೊಳ್ಳೇಗಾಲದವರ ತೊಂದರೆ ನಮಗೆ ಹೊಸದಲ್ಲ. ಮುತ್ತಜ್ಜನ ಕಾಲದ ಕಂದಾಯದ ಕಾಗದವನ್ನು ಹುಡುಕುವವರು ಬೆಂಗಳೂರಿಗೆ ಹೋಗಬೇಕೇ, ಚೆನ್ನೈಗೆ ಹೋಗಬೇಕೇ ಎಂಬ ಗೊಂದಲ ಎರಡೂ ಕಡೆ ಒಂದೇ.

ಗುಂಡ್ಲುಪೇಟೆಯ ರೈತನ ಗೊಂದಲ ಇನ್ನೊಂದು ಬಗೆಯದು. 1997ಕ್ಕಿಂತ ಮೊದಲು ಜಿಲ್ಲಾ ಮಟ್ಟದಲ್ಲಿ ಆದ ಆದೇಶದ ಕಡತ ಮೈಸೂರಿನಲ್ಲಿ ಹುಟ್ಟಿದ್ದು. ಜಿಲ್ಲೆ ಒಡೆದಾಗ ಕಡತಗಳನ್ನೂ ಹಂಚಬೇಕಾಗುತ್ತದೆ. ಹಂಚಿಕೆಯ ಪಟ್ಟಿ ಸರಿಯಿಲ್ಲದಿದ್ದರೆ ಈ ಕಚೇರಿಯವರು ಆ ಕಚೇರಿಯತ್ತ ಕೈತೋರಿಸುತ್ತಾರೆ, ಆ ಕಚೇರಿಯವರು ಈ ಕಚೇರಿಯತ್ತ. ಕಡತ ನಾಶವಾಗಿರುವುದಿಲ್ಲ, ಆದರೂ ಕೇಳಿದವನ ಪಾಲಿಗೆ ಅದು ಇಲ್ಲವೇ ಇಲ್ಲ.

ಗ್ರಾಮ ಮಟ್ಟದಲ್ಲಂತೂ ಶಾನುಭೋಗರ ಮನೆಯೇ ಬಹುಕಾಲ ಊರಿನ ರೆಕಾರ್ಡ್ ರೂಮ್ ಆಗಿತ್ತು. ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳು 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯಿದೆಯಿಂದ ಕೊನೆಗೊಂಡವು. ಲೆಕ್ಕದ ಪುಸ್ತಕಗಳನ್ನು ಸರಕಾರಕ್ಕೆ ಒಪ್ಪಿಸಬೇಕಾಗಿತ್ತು. ಒಪ್ಪಿಸಿದವುಗಳ ಜೊತೆಗೆ ಅಟ್ಟದಲ್ಲೇ ಉಳಿದವೂ ಗೆದ್ದಲು ತಿಂದವೂ ಹಲವು ಊರುಗಳಲ್ಲಿವೆ.

ಬೈಬಲಿನ ಎಜ್ರನ ಗ್ರಂಥದಲ್ಲಿ ಇಂಥದೇ ಪ್ರಸಂಗವಿದೆ. ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಲು ಅರಸ ಸೈರಸನು ಅನುಮತಿ ಕೊಟ್ಟಿದ್ದನೋ ಇಲ್ಲವೋ ಎಂಬ ವಿವಾದವೆದ್ದಾಗ ಅರಸ ದಾರ್ಯಾವೆಷನು ದಾಖಲೆಗಳನ್ನು ಹುಡುಕಿಸುತ್ತಾನೆ. ಹುಡುಕಾಟ ಬಾಬಿಲೋನಿನ ಭಂಡಾರದಲ್ಲಿ ಆರಂಭವಾಗುತ್ತದೆ, ಸುರುಳಿ ಸಿಗುವುದು ದೂರದ ಎಕ್ಬತಾನದ ಕೋಟೆಯಲ್ಲಿ. ಅದು ಸಿಕ್ಕಿದ್ದರಿಂದ ದೇವಾಲಯದ ಕೆಲಸ ಮುಂದುವರಿಯಿತು. ಅರಸ ಬದಲಾದ ಮೇಲೂ ಯಾರೋ ಹಳೆಯ ಆಜ್ಞೆಯನ್ನು ಜೋಪಾನವಾಗಿ ಇಟ್ಟಿದ್ದರು.

ಕಾಡಿನ ಮಕ್ಕಳು ಕೇಳಿದ ಕಾಗದ

ಎರಡು ಪ್ರಶ್ನೆಗಳ ನಡುವಿನ ಅಂತರವನ್ನು ಸ್ಪಷ್ಟವಾಗಿ ತೋರಿಸುವುದು ಅರಣ್ಯ ಹಕ್ಕು ಕಾಯಿದೆ. 2006ರ ಈ ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲೇ ಅರಣ್ಯದಲ್ಲಿ ವಾಸವಿದ್ದುದನ್ನು ತೋರಿಸಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಮೊದಲು 3 ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು.

ಲೆಕ್ಕ ಹಾಕಿ ನೋಡಿ. 2005ರಿಂದ 75 ವರ್ಷ ಹಿಂದೆ ಹೋದರೆ 1930. ಬಂಡೀಪುರದ ಅಂಚಿನ ಒಂದು ಹಾಡಿಯ ಬಗ್ಗೆ 1930ರಲ್ಲಿ ಒಂದು ಕಡತ ತೆರೆದಿತ್ತು, ಅದಕ್ಕೆ 30 ವರ್ಷದ ಅವಧಿ ಸಿಕ್ಕಿತ್ತು ಎಂದು ಭಾವಿಸೋಣ. 1960ರಲ್ಲಿ ಅದನ್ನು ನಾಶ ಮಾಡಿದ್ದರೆ ಅದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ. ಅದನ್ನು ಸಾಕ್ಷಿಯಾಗಿ ಕೇಳುವ ಕಾನೂನು ಹುಟ್ಟಿದ್ದು ಅದಾದ 46 ವರ್ಷಗಳ ನಂತರ! ಕಚೇರಿ ಯಾವ ತಪ್ಪನ್ನೂ ಮಾಡಲಿಲ್ಲ, ಆದರೂ ಅರ್ಜಿದಾರನ ಕೈ ಬರಿದಾಯಿತು.

ಕಾಯಿದೆ ಮಾಡಿದವರಿಗೆ ಇದು ಗೊತ್ತಿತ್ತು. ಆದ್ದರಿಂದಲೇ ನಿಯಮಗಳಲ್ಲಿ ಸಾಕ್ಷ್ಯದ ಪಟ್ಟಿ ಉದ್ದವಾಗಿದೆ. ಗ್ಯಾಜೆಟಿಯರು, ಜನಗಣತಿ, ಸರ್ವೆ ಮತ್ತು ಸೆಟಲ್‌ಮೆಂಟ್ ವರದಿ, ನಕ್ಷೆ, ಅರಣ್ಯ ಇಲಾಖೆಯ ಕಾರ್ಯಯೋಜನೆ, ಹಿಂದಿನ ಸಂಸ್ಥಾನಗಳ ದಾಖಲೆ, ಮತದಾರರ ಚೀಟಿ, ರೇಶನ್ ಕಾರ್ಡ್, ಮನೆ ತೆರಿಗೆ ರಸೀದಿ ಇವೆಲ್ಲ ಸಾಕ್ಷ್ಯವಾಗುತ್ತವೆ. ಅದರ ಜೊತೆಗೆ ಬಾವಿ, ಸಮಾಧಿ, ಪೂಜಾಸ್ಥಳ, ವಂಶಾವಳಿ, ಹಿರಿಯರ ಹೇಳಿಕೆಯೂ ನಡೆಯುತ್ತವೆ. ಮನೆ ತೆರಿಗೆಯ ರಸೀದಿಯನ್ನು ಬರೆದವರು ಅದು ಒಂದು ದಿನ ಕಾಡಿನ ಹಕ್ಕಿಗೆ ಸಾಕ್ಷಿ ಆಗುತ್ತದೆಂದು ಕನಸಿನಲ್ಲೂ ಎಣಿಸಿರಲಾರರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಥೆ ಇಲ್ಲಿ ನೆನಪಾಗಬೇಕು. 1970ರ ದಶಕದಲ್ಲಿ ಅಲ್ಲಿ ವನ್ಯಧಾಮ ಬಂದಾಗ ಅವರನ್ನು ಕಾಡಿನೊಳಗಿನ ಪೋಡುಗಳಿಂದ ಹೊರಗೆ ತಂದರು. 2011ರಲ್ಲಿ ಆ ಪ್ರದೇಶ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಸೋಲಿಗರ ಬಳಿ ಹಳೆಯ ಪತ್ರಗಳು ಕಡಿಮೆ ಇದ್ದವು. ಆದರೆ ತಮ್ಮ ದೇವರ ಕಲ್ಲು, ಮರ, ತೊರೆ ಎಲ್ಲಿದೆ ಎಂಬ ನೆನಪು ಅಚ್ಚಳಿಯದೆ ಇತ್ತು, ಅದನ್ನು ಸಂಶೋಧಕರ ಜೊತೆ ಸೇರಿ ನಕ್ಷೆಯಾಗಿಯೂ ಮಾಡಿದರು. ಕಾಗದ ಹೋದಲ್ಲಿ ನೆನಪು ಕೈಹಿಡಿಯಬಹುದು. ಆದರೆ ನೆನಪಿಟ್ಟ ಹಿರಿಯರು ತೀರಿಹೋದ ಮೇಲೆ ಏನು ಮಾಡುವುದು?

ದರಖಾಸ್ತು ಜಮೀನು, ರಾತ್ರಿ ಸಂಚಾರ, ಆಮ್ಲಜನಕ

ಇನ್ನೊಂದು ಉದಾಹರಣೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನಿನದು. ಇಂಥ ಜಮೀನನ್ನು ನಿಯಮ ಮೀರಿ ಯಾರಾದರೂ ಕೊಂಡಿದ್ದರೆ ಆ ಮಾರಾಟ ಅಸಿಂಧು, ಜಮೀನು ಮೂಲ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಮರಳಬೇಕು ಎಂದು 1978ರ ಕರ್ನಾಟಕದ ಕಾಯಿದೆ ಹೇಳುತ್ತದೆ. ಉಪವಿಭಾಗಾಧಿಕಾರಿಯ ಮುಂದೆ ವಿಚಾರಣೆಗೆ ಬಂದಾಗ ಮೊದಲ ಪ್ರಶ್ನೆ: ಜಮೀನು ಮಂಜೂರಾದದ್ದು ಯಾವಾಗ, ಯಾವ ಷರತ್ತಿನ ಮೇಲೆ? ಉತ್ತರ ಇರುವುದು ಮಂಜೂರಾತಿಯ ಮೂಲ ಕಡತದಲ್ಲಿ ಮತ್ತು ಸಾಗುವಳಿ ಚೀಟಿಯಲ್ಲಿ. ಕೂಲಿ ಮಾಡುವ ಕುಟುಂಬ ಸೋರುವ ಗುಡಿಸಲಿನಲ್ಲಿ ಅರ್ಧ ಶತಮಾನ ಸಾಗುವಳಿ ಚೀಟಿಯನ್ನು ಕಾಪಾಡುವುದು ಕಷ್ಟ. ಉಳ್ಳವರಿಗೆ ಕಬ್ಬಿಣದ ಪೆಟ್ಟಿಗೆಯಿದೆ, ವಕೀಲರಿದ್ದಾರೆ, ಬ್ಯಾಂಕ್ ಲಾಕರ್ ಇದೆ. ಬಡವನಿಗೆ ಇರುವ ಒಂದೇ ಪೆಟ್ಟಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್. ಅಲ್ಲಿನ ಕಡತ ಹೋದರೆ ಇಬ್ಬರಿಗೂ ಸಮನಾಗಿ ನಷ್ಟವಾಗುವುದಿಲ್ಲ.

ಸಣ್ಣದೆಂದು ಕಾಣುವ ದಾಖಲೆ ದೊಡ್ಡ ತೀರ್ಮಾನಕ್ಕೆ ಆಧಾರವಾದ ನಿದರ್ಶನವೂ ಇದೇ ಜಿಲ್ಲೆಯಲ್ಲಿದೆ. ಗುಂಡ್ಲುಪೇಟೆಯಿಂದ ಕೇರಳ ಮತ್ತು ಊಟಿಯ ಕಡೆಗೆ ಹೋಗುವ ರಸ್ತೆಗಳು ಬಂಡೀಪುರದ ಕಾಡನ್ನು ಹಾದುಹೋಗುತ್ತವೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಆ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂತೆಗೆದುಕೊಂಡರು. ವಿಷಯ ಹೈಕೋರ್ಟಿಗೆ ಹೋಯಿತು, 2010ರಲ್ಲಿ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ನಿಷೇಧಕ್ಕೆ ಆಧಾರವಾದದ್ದು ವಾಹನಗಳಿಗೆ ಸಿಕ್ಕಿ ಸತ್ತ ಪ್ರಾಣಿಗಳ ಬಗ್ಗೆ ಅರಣ್ಯ ಇಲಾಖೆ ಬರೆದಿಟ್ಟಿದ್ದ ಲೆಕ್ಕ. ಸತ್ತ ಒಂದೊಂದು ಪ್ರಾಣಿಯನ್ನು ದಾಖಲಿಸಿದ ಪುಸ್ತಕ ದಿನನಿತ್ಯದ ಕಾಗದದಂತೆ ಕಾಣುತ್ತದೆ. ವರ್ಷಗಳ ಲೆಕ್ಕ ಒಟ್ಟುಗೂಡಿದಾಗ ಅದು ಮೂರು ರಾಜ್ಯಗಳಿಗೆ ಸಂಬಂಧಿಸಿದ ತೀರ್ಮಾನದ ತಳಹದಿಯಾಯಿತು.

2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡದ್ದನ್ನು ಯಾರೂ ಮರೆತಿರಲಾರರು. ಕೋವಿಡ್ ಎರಡನೆಯ ಅಲೆಯ ದಿನಗಳವು. ಎಷ್ಟು ಮಂದಿಯ ಸಾವಿಗೆ ಆಮ್ಲಜನಕದ ಕೊರತೆ ಕಾರಣ ಎಂಬ ಬಗ್ಗೆ ವಿವಾದವೆದ್ದಿತು. ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಇಂಥ ವಿಚಾರಣೆಯಲ್ಲಿ ಸತ್ಯವನ್ನು ಹೇಳಬಲ್ಲವು ಯಾವುವು? ಸಿಲಿಂಡರ್ ಬಂದ, ಹೋದ ಲೆಕ್ಕದ ಪುಸ್ತಕ, ರೋಗಿಯ ಕೇಸ್ ಶೀಟ್, ರಾತ್ರಿ ಪಾಳಿಯ ಹಾಜರಾತಿ, ಕಚೇರಿಯಿಂದ ಕಚೇರಿಗೆ ಹೋದ ಸಂದೇಶ. ಸಾಮಾನ್ಯ ದಿನಗಳಲ್ಲಿ ಇವು ಕೆಲವೇ ವರ್ಷ ಇಡುವಂಥ ಕಾಗದಗಳು. ಪ್ರಾಣ ಹೋದ ಮೇಲೆ ಇವೇ ಆ ಕುಟುಂಬಗಳಿಗೆ ಉಳಿದಿರುವ ಉತ್ತರ. ಯಾವುದಾದರೂ ವಿಷಯ ನ್ಯಾಯಾಲಯದ ಮುಂದೆ ಇರುವಾಗ ಅವಧಿ ಮುಗಿದಿದೆ ಎಂದು ಅದರ ಕಾಗದವನ್ನು ಮುಟ್ಟಬಾರದು ಎಂಬ ತತ್ವ ಬಂದದ್ದು ಇದಕ್ಕಾಗಿಯೇ.

ಬ್ರಿಟನ್ನಿನ ಒಂದು ಕಹಿ ಅನುಭವ

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ತೊಂದರೆಯಲ್ಲ. ಎರಡನೆಯ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ಸಾವಿರಾರು ಜನ ಕೆಲಸಕ್ಕಾಗಿ ಬ್ರಿಟನ್ನಿಗೆ ಹೋದರು. 1948ರಲ್ಲಿ ಬಂದ ‘ಎಂಪೈರ್ ವಿಂಡ್‌ರಷ್’ ಹಡಗಿನ ಹೆಸರಿನಿಂದ ಅವರನ್ನು ವಿಂಡ್‌ರಷ್ ಪೀಳಿಗೆ ಎನ್ನುತ್ತಾರೆ. ಅವರು ಬಂದಿಳಿದಾಗ ಬರೆದುಕೊಂಡ ಲ್ಯಾಂಡಿಂಗ್ ಕಾರ್ಡುಗಳು ಗೃಹ ಇಲಾಖೆಯಲ್ಲಿ ಬಹುಕಾಲ ಇದ್ದವು. 2010ರಲ್ಲಿ ಅವುಗಳನ್ನು ನಾಶ ಮಾಡಿದರು. ಆಮೇಲೆ ವಲಸೆ ನಿಯಮಗಳು ಬಿಗಿಯಾದವು. ಅರ್ಧ ಶತಮಾನದಿಂದ ಅಲ್ಲೇ ಇದ್ದ ವೃದ್ಧರನ್ನು, ನೀವು ಯಾವಾಗ ಬಂದಿರೆಂದು ಸಾಬೀತು ಮಾಡಿ ಎಂದು ಕೇಳಿದರು. ಕೆಲವರು ಕೆಲಸ ಕಳೆದುಕೊಂಡರು, ಕೆಲವರಿಗೆ ಚಿಕಿತ್ಸೆ ಸಿಗಲಿಲ್ಲ, ಕೆಲವರನ್ನು ದೇಶದಿಂದ ಹೊರಗೂ ಹಾಕಿದರು. 2018ರಲ್ಲಿ ವಿಷಯ ದೊಡ್ಡದಾಗಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಕಾರ್ಡುಗಳನ್ನು ಇಟ್ಟ ಕಚೇರಿಗೆ ಅವು ಬೇಡವಾಗಿದ್ದವು. ಬೇಕಾಗಿದ್ದುದು ಹೊರಗಿದ್ದವರಿಗೆ.

ಹಾಗಾದರೆ ಎಲ್ಲವನ್ನೂ ಉಳಿಸಬಾರದೇ?

ಕೂಡದು. ಎಲ್ಲವನ್ನೂ ಇಡುತ್ತೇವೆ ಎನ್ನುವ ಕಚೇರಿ ಕೊನೆಗೆ ಯಾವುದನ್ನೂ ಇಡುವುದಿಲ್ಲ. ಸಾವಿರ ಗಂಟು ಜ್ಞಾಪನ ಪತ್ರಗಳ ಕೆಳಗೆ ಸಿಕ್ಕಿದ ಒಂದು ಮಂಜೂರಾತಿ ಆದೇಶ ಇದ್ದರೂ ಇಲ್ಲದಂತೆ. ಗೆದ್ದಲು, ತೇವ, ಇಲಿ ಇವುಗಳಿಗೆ ‘ಎ’ ವರ್ಗ, ‘ಇ’ ವರ್ಗ ಎಂಬ ಭೇದ ಗೊತ್ತಿಲ್ಲ. ಜನರ ಖಾಸಗಿ ವಿಷಯಗಳಿರುವ ಕಾಗದವನ್ನು ಅಗತ್ಯ ಮುಗಿದ ಮೇಲೂ ಇಟ್ಟುಕೊಳ್ಳುವುದು ಅವರಿಗೆ ಅನ್ಯಾಯ. ಆದ್ದರಿಂದ ಸರಿಯಾಗಿ ನಾಶ ಮಾಡುವುದೂ ಕಾಪಾಡುವ ಕೆಲಸದ ಭಾಗವೇ.

ಪತ್ರಾಗಾರದ ಪಂಡಿತರಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಇಂಗ್ಲೆಂಡಿನ ಹಿಲರಿ ಜೆಂಕಿನ್ಸನ್ 1922ರ ತಮ್ಮ ಗ್ರಂಥದಲ್ಲಿ, ಆಯ್ಕೆ ಮಾಡುವುದು ಪತ್ರಾಗಾರದವರ ಕೆಲಸವಲ್ಲ, ಕೊಟ್ಟದ್ದನ್ನು ಕಾಯುವುದಷ್ಟೇ ಅವರ ಕರ್ತವ್ಯ ಎಂದು ವಾದಿಸಿದರು. ಅಮೆರಿಕದ ಟಿ.ಆರ್. ಶೆಲೆನ್‌ಬರ್ಗ್ 1956ರಲ್ಲಿ ಬೇರೆ ದಾರಿ ತೋರಿಸಿದರು. ದಾಖಲೆಗೆ ಎರಡು ಬೆಲೆಗಳಿವೆ ಎಂದರು ಅವರು. ಮೊದಲನೆಯದು ಅದನ್ನು ಬರೆದ ಕಚೇರಿಗೆ ಇರುವ ಬೆಲೆ, ಅದು ಕೆಲವು ವರ್ಷಗಳಲ್ಲಿ ಮುಗಿಯುತ್ತದೆ. ಎರಡನೆಯದು ಮುಂದೆ ಬೇರೆಯವರಿಗೆ ಸಿಗುವ ಬೆಲೆ. ಅದನ್ನು ಅಳೆಯಲು ಕಚೇರಿಯ ಹೊರಗಿನ, ಇತಿಹಾಸ ಬಲ್ಲ ಕಣ್ಣುಗಳು ಬೇಕು. ಗುಂಡ್ಲುಪೇಟೆಯ ಗುಮಾಸ್ತರೊಬ್ಬರ ಮೇಲೆ ಈ ಇಡೀ ಭಾರವನ್ನು ಹೊರಿಸುವುದು ಅವರಿಗೂ ನ್ಯಾಯವಲ್ಲ.

ಕಾನೂನು ಏನು ಹೇಳುತ್ತದೆ?

ದಾಖಲೆ ನಾಶದ ಬಗ್ಗೆ ಭಾರತದಲ್ಲಿ 1917ರಲ್ಲೇ ಒಂದು ಕಾಯಿದೆ ಬಂತು. ಕೇಂದ್ರ ಸರಕಾರದ ದಾಖಲೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಇದೆ. 1892ಕ್ಕೆ ಮೊದಲಿನ ಯಾವ ದಾಖಲೆಯನ್ನೂ, ಅದು ಬಳಸಲಾಗದಷ್ಟು ಹಾಳಾಗಿದೆ ಎಂದು ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರು ಅಭಿಪ್ರಾಯಪಟ್ಟ ಹೊರತು, ನಾಶ ಮಾಡುವಂತಿಲ್ಲ. 25 ವರ್ಷ ದಾಟಿದ ದಾಖಲೆಯ ಮೌಲ್ಯವನ್ನು ಪತ್ರಾಗಾರದ ಸಲಹೆಯೊಂದಿಗೆ ನಿರ್ಣಯಿಸಬೇಕು. ನಿಯಮ ಮೀರಿ ನಾಶ ಮಾಡಿದವರಿಗೆ 5 ವರ್ಷದವರೆಗೆ ಸೆರೆಮನೆ, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕರ್ನಾಟಕದಲ್ಲಿ 2010ರ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯಿದೆ ಇದೆ. ಹಳೆಯ ಮೈಸೂರು ಸರಕಾರದ ಕಡತಗಳನ್ನು ಕಾಪಾಡುತ್ತಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಬೆಂಗಳೂರಿನಲ್ಲಿದೆ.

2005ರ ಮಾಹಿತಿ ಹಕ್ಕು ಕಾಯಿದೆ ಜನರ ಕೈಗೆ ಒಂದು ಸಾಧನವನ್ನು ಕೊಟ್ಟಿತು. ಪ್ರತಿ ಕಚೇರಿಯೂ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಂದಿಗೆ ಇಡಬೇಕು ಎಂದು ಅದರ 4ನೆಯ ಕಲಂ ಹೇಳುತ್ತದೆ. ಯಾರಾದರೂ ಕೇಳಿದ ಮಾಹಿತಿಯನ್ನು ನಾಶ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ‘ಕಡತ ಸಿಗುತ್ತಿಲ್ಲ’ ಎಂಬುದು ಮಾಹಿತಿ ನಿರಾಕರಿಸಲು ಕಾಯಿದೆ ಒಪ್ಪಿದ ಕಾರಣವಲ್ಲ. 2013ರಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು.

ಧರ್ಮಸಭೆಯ ನಿಯಮ

ನಮ್ಮ ಧರ್ಮಸಭೆಗೂ ಈ ವಿಷಯದಲ್ಲಿ ದೀರ್ಘ ಅನುಭವವಿದೆ. ವಿವಾಹದ ದಾಖಲೆ ಪುಸ್ತಕವನ್ನು ಧರ್ಮಗುರುಗಳು ಕಡ್ಡಾಯವಾಗಿ ಇಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 535ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ವಿವಾಹ, ಮರಣದ ಪುಸ್ತಕಗಳಿರಬೇಕು, ಹಳೆಯ ಪುಸ್ತಕಗಳನ್ನೂ ಜೋಪಾನವಾಗಿ ಕಾಪಾಡಬೇಕು. ಜನನ ಮರಣ ನೋಂದಣಿ ಎಲ್ಲೆಡೆ ಸರಿಯಾಗಿ ನಡೆಯದಿದ್ದ ಕಾಲದ ಎಷ್ಟೋ ಹಿರಿಯರ ವಯಸ್ಸಿಗೆ ಜ್ಞಾನಸ್ನಾನದ ಪುಸ್ತಕವೇ ಆಧಾರ. ಚಾಮರಾಜನಗರ ಜಿಲ್ಲೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಹಳ್ಳಿಯ ಕ್ರೈಸ್ತ ಕುಟುಂಬಗಳಿಗೂ ಕರಾವಳಿಯ ಕುಟುಂಬಗಳಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಅದೇ ಸಂಹಿತೆ ನಾಶವನ್ನೂ ವಿಧಿಸುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ಧರ್ಮಪ್ರಾಂತ್ಯದ ಗುಪ್ತ ಪತ್ರಾಗಾರದಲ್ಲಿರುವ ನೈತಿಕ ಅಪರಾಧ ಪ್ರಕರಣಗಳಲ್ಲಿ, ಅಪರಾಧಿ ತೀರಿಕೊಂಡಿದ್ದರೆ ಅಥವಾ ತೀರ್ಪಾಗಿ 10 ವರ್ಷ ಕಳೆದಿದ್ದರೆ, ಆ ಕಾಗದಗಳನ್ನು ವರ್ಷಕ್ಕೊಮ್ಮೆ ನಾಶ ಮಾಡಬೇಕು. ಆದರೆ ಘಟನೆಯ ಸಂಕ್ಷಿಪ್ತ ಸಾರಾಂಶವನ್ನೂ ಅಂತಿಮ ತೀರ್ಪನ್ನೂ ಉಳಿಸಬೇಕು ಎನ್ನುತ್ತದೆ 489ನೆಯ ವಿಧಿ. ಕಾಗದ ಹೋದರೂ ಕುರುಹು ಉಳಿಯಬೇಕು ಎಂಬುದು ಅದರ ಅರ್ಥ. ಆದರೂ ಸಾಕ್ಷಿಗಳ ಮಾತು, ದೂರಿನ ವಿವರ ಹೋದ ಮೇಲೆ ನೊಂದವರು ತಡವಾಗಿ ಬಂದು ಕೇಳಿದರೆ ಸಾರಾಂಶವೊಂದೇ ಸಾಕಾಗುವುದೇ ಎಂಬ ಪ್ರಶ್ನೆ ಇಂದಿನ ದಿನಗಳಲ್ಲಿ ಧರ್ಮಸಭೆಯ ಮುಂದೆಯೂ ಇದೆ. ಉಳಿಸುವುದೇ, ನಾಶ ಮಾಡುವುದೇ ಎಂಬ ಪ್ರಶ್ನೆ ಸರಕಾರಕ್ಕೆ ಮಾತ್ರ ಕೇಳುವಂಥದ್ದಲ್ಲ.

ಕಂಪ್ಯೂಟರ್ ಬಂದ ಮೇಲೆ

ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಇದರಿಂದ ರೈತರಿಗೆ ಬಹಳ ಅನುಕೂಲವಾಗಿದೆ. ಆದರೆ ಕಂಪ್ಯೂಟರ್‌ನಲ್ಲಿರುವುದು ಫಲಿತಾಂಶ ಮಾತ್ರ. ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ಪುಸ್ತಕ, ಸರ್ವೆ ಟಿಪ್ಪಣಿಯನ್ನೇ ನೋಡಬೇಕು. ಎಲ್ಲವೂ ಕಂಪ್ಯೂಟರ್‌ನಲ್ಲಿದೆ, ಇನ್ನು ಕಾಗದ ಯಾಕೆ ಎಂಬ ಮಾತು ಅಪಾಯಕಾರಿ. ಸ್ಕ್ಯಾನ್ ಮಾಡುವಾಗ ಒಂದು ಪುಟದ ಹಿಂಬದಿ ಬಿಟ್ಟುಹೋದರೆ, ಅಲ್ಲಿದ್ದ ಷರಾ ಶಾಶ್ವತವಾಗಿ ಹೋಯಿತು.

ನಾವೇನು ಮಾಡಬಹುದು?

1. ಮನೆಯಲ್ಲಿರುವ ಹಳೆಯ ಕಂದಾಯ ರಸೀದಿ, ಗೇಣಿ ಚೀಟಿ, ಸಾಗುವಳಿ ಚೀಟಿ, ನ್ಯಾಯಮಂಡಳಿಯ ಆದೇಶ ಇವುಗಳನ್ನು ಎಸೆಯಬೇಡಿ. ಲ್ಯಾಮಿನೇಶನ್ ಮಾಡಿಸಬೇಡಿ, ಅದು ಹಳೆಯ ಕಾಗದವನ್ನು ಹಾಳು ಮಾಡುತ್ತದೆ. ಒಣಗಿದ ಜಾಗದಲ್ಲಿಟ್ಟು ಪ್ರತಿ ಮಾಡಿಸಿಕೊಳ್ಳಿ.

2. ಮುಖ್ಯ ದಾಖಲೆಗಳ ದೃಢೀಕೃತ ನಕಲನ್ನು ಇಂದೇ ಪಡೆಯಿರಿ. ವ್ಯಾಜ್ಯ ಬಂದ ಮೇಲೆ ಹುಡುಕಿದರೆ ತಡವಾಗಬಹುದು.

3. ಕಡತ ಸಿಗುತ್ತಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಿಕೊಳ್ಳಬೇಡಿ. 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಕಡತಕ್ಕೆ ಯಾವ ವರ್ಗ ಕೊಟ್ಟಿದ್ದರು, ನಾಶ ಮಾಡಿದ್ದರೆ ಯಾವ ದಿನ, ಯಾರ ಆದೇಶದ ಮೇಲೆ ಎಂದು ಕೇಳಿ, ನಾಶಪಡಿಸಿದ ಕಡತಗಳ ಪಟ್ಟಿಯ ನಕಲನ್ನೂ ಕೇಳಿ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸುವುದು ಅಧಿಕಾರಿಯ ಕರ್ತವ್ಯ. ಚಾಮರಾಜನಗರ ಮತ್ತು ಮೈಸೂರಿನ ನಡುವೆ ಅಲೆಯುವವರಿಗೆ ಇದು ಉಪಯುಕ್ತ.

4. ಊರಿನ ಹಿರಿಯರಿಂದ ಗಡಿ, ಬಾವಿ, ಸಮಾಧಿ, ವಂಶಾವಳಿಯ ವಿವರಗಳನ್ನು ದಿನಾಂಕ ಹಾಕಿ ಬರೆಸಿಕೊಳ್ಳಿ.

5. ಧರ್ಮಕೇಂದ್ರ, ಶಾಲೆ, ಸಂಘ ಸಂಸ್ಥೆಗಳ ಹಳೆಯ ಪುಸ್ತಕಗಳನ್ನು ಜಾಗವಿಲ್ಲವೆಂದು ಗುಜರಿಗೆ ಹಾಕುವ ಮೊದಲು ಪಟ್ಟಿ ಮಾಡಿ. ಪಾಲನಾ ಪರಿಷತ್ತಿನಲ್ಲಿ ಚರ್ಚಿಸಿ, ಧರ್ಮಪ್ರಾಂತ್ಯದ ಪತ್ರಾಗಾರದವರನ್ನು ಕೇಳಿ.

ಪ್ರವಾದಿ ಯೆರೆಮೀಯ ತನ್ನ ಊರಾದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡಾಗ ಜೆರುಸಲೇಮನ್ನು ಶತ್ರುಗಳು ಮುತ್ತಿದ್ದರು. ಆ ಹೊಲಕ್ಕೆ ಆಗ ಯಾವ ಬೆಲೆಯೂ ಇರಲಿಲ್ಲ. ಆದರೂ ಅವನು ಸಾಕ್ಷಿಗಳ ಮುಂದೆ ಕ್ರಯಪತ್ರವನ್ನು ಬರೆಸಿದ. ಮುದ್ರೆ ಹಾಕಿದ ಒಂದು ಪ್ರತಿ, ತೆರೆದ ಒಂದು ಪ್ರತಿ ಎರಡನ್ನೂ ಮಣ್ಣಿನ ಮಡಕೆಯಲ್ಲಿಟ್ಟು ಬಹುಕಾಲ ಕಾಪಾಡುವಂತೆ ಬಾರೂಕನಿಗೆ ಹೇಳಿದ. ಆ ಪತ್ರ ಅಂದಿನ ದಿನಕ್ಕೆ ಬೇಕಾಗಿರಲಿಲ್ಲ. ಮುಂದೊಂದು ದಿನ ಮರಳಿ ಬರುವವರಿಗಾಗಿ ಇಟ್ಟದ್ದು ಅದು. ರೆಕಾರ್ಡ್ ರೂಮಿನಲ್ಲಿ ಪಟ್ಟಿ ಹಿಡಿದು ನಿಂತ ನೌಕರರೂ, ಮನೆಯ ಅಟ್ಟ ಸ್ವಚ್ಛಗೊಳಿಸುವ ನಾವೂ, ಒಂದು ಹಳೆಯ ಕಾಗದವನ್ನು ಹರಿಯುವ ಮೊದಲು ಅದನ್ನು ಕೇಳಿಕೊಂಡು ಬರಬಹುದಾದವರನ್ನು ಒಂದು ಕ್ಷಣ ನೆನೆಯೋಣ.